ಹಿಮ್ಮಡಿಯ ಎತ್ತರ

ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಭಾನುವಾರ ಬೆಳಗಿನ ಬಸ್ ಸ್ಟಾಪಿನಲ್ಲಿ ತನ್ನ ಜೊತೆ ಕಾಯುತ್ತಿದ್ದವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿರಲಿಲ್ಲ. ಆದರೆ ಕಂಬಕ್ಕೆ ಒರಗಿದ್ದ ಹೆಂಗಸಿನ ಎಡಗಾಲಿನ ಹೆಬ್ಬೆರಳ ಗಂಟು ಊದಿರುವುದು, ಪೇಪರು ಓದುತ್ತಿದ್ದ ಹಿರಿಯರು ಬಲಗಾಲನ್ನು ಕೊಂಚ ಹೊರಕ್ಕೆ ತಿರುಗಿಸಿ ಊರುವುದು, ಬ್ಯಾಗು ತಗುಲಿಸಿಕೊಂಡ ಹುಡುಗಿಯ ಚಪ್ಪಲಿ ಒಳಬದಿಗೆ ಸವೆದಿರುವುದು, ಇಷ್ಟೂ ಆಗಲೇ ತಲೆಯೊಳಕ್ಕೆ ಇಳಿದು ಕೂತಿದ್ದವು. ದೊಡ್ಡಾಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕೃತಕ ಕಾಲು ಮಾಡಿಕೊಂಡು ಬಂದವನ ಕಣ್ಣು ಮೊಣಕಾಲಿನಿಂದ ಮೇಲಕ್ಕೆ ಹತ್ತುವುದನ್ನೇ ಮರೆತುಬಿಟ್ಟಿತ್ತು. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ, ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಅವನನ್ನು ಕಬ್ಬಿಣದ ಎರಡು ಕಂಬಿಗಳ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ ಹೇಳಿದ್ದರು: "ನಡೆಯೋವಾಗ ಅವರ ಮುಖ ನೋಡಬೇಡ ಕಣೋ. ನಮಗೆ ಬೇಜಾರಾಗುತ್ತೆ ಅಂತ ಮುಖ ಸುಳ್ಳು ಹೇಳುತ್ತೆ. ಕಾಲಿಗೆ ಅಷ್ಟೆಲ್ಲ ದಾಕ್ಷಿಣ್ಯ ಇಲ್ಲ." ಮೇಸ್ತ್ರಿಯ ಮಾತು ನಿಜವಾಗಿತ್ತು. ಹೊಸ ಕಾಲು ಹಾಕಿಕೊಂಡು ಕಂಬಿಗಳ ನಡುವೆ ಹೆಜ್ಜೆಯಿಡುವ ಪ್ರತಿಯೊಬ್ಬರೂ ಕೃತಜ್ಞತೆಯಿಂದ ಹಲ್ಲುಕಚ್ಚಿ "ಚೆನ್ನಾಗಿದೆ ಸಾರ್, ತುಂಬ ಚೆನ್ನಾಗಿದೆ" ಎನ್ನುತ್ತಿದ್ದರು, ಸಂಜೆ ಬಿಚ್ಚಿ ನೋಡಿದರೆ ಚರ್ಮ ಸುಲಿದಿರುತ್ತಿತ್ತು. ಹಾಗಾಗಿ ಅವನು ಮುಖವನ್ನು ಕೇಳುವುದನ್ನೇ ಬಿಟ್ಟಿದ್ದ.

ಈಗ ಸ್ಟಾಪಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದವನು ತಮ್ಮ. ಅವನ ಬಲಗಾಲು, ಮೊಣಕಾಲಿಗಿಂತ ಒಂದು ಗೇಣು ಕೆಳಗಿನಿಂದ, ಅಣ್ಣನ ಕೈಕೆಲಸ. ಇಷ್ಟು ಒಳ್ಳೆಯ ಕಾಲನ್ನು ಅವನು ಯಾರಿಗೂ ಮಾಡಿರಲಿಲ್ಲ. ಮೊಂಡುಗಾಲು ಕೂರುವ ಬಟ್ಟಲನ್ನು ಮೂರು ಸಲ ಎರಕ ಹೊಯ್ದು, ಮೂರನೆಯದನ್ನು ಅರದಿಂದ ತೀಡಿ, ಬೆರಳ ತುದಿಯಿಂದ ಸವರಿ, ಮತ್ತೆ ತೀಡಿದ್ದ. ಶೆಡ್ಡಿನ ಇತರರು "ಮದುಮಗನಿಗೆ ಮಾಡ್ತಿದೀಯೇನಪ್ಪಾ" ಎಂದು ರೇಗಿಸಿದ್ದರು. ಮಾಡಿಯೇನು, ತಮ್ಮ ಅದನ್ನು ಹಾಕಿಕೊಂಡು ಶೆಡ್ಡಿನ ಸಿಮೆಂಟು ನೆಲದ ಮೇಲೆ ಅತ್ತಿಂದಿತ್ತ ನಡೆದು, ಚೆನ್ನಾಗಿದೆ ಅಂದು, ಮನೆಗೆ ಬಂದು, ಬಿಚ್ಚಿ ಮಂಚದ ಕೆಳಗಿಟ್ಟು, ಮಹಡಿಯ ಕೋಣೆಯ ಕಿಟಕಿ ಪಕ್ಕ ಕೂತುಬಿಟ್ಟಿದ್ದ. ಮೊದಲು ಅವನು ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸದಲ್ಲಿದ್ದವನು, ಸಂಜೆ ಸ್ನೇಹಿತರ ಜೊತೆ ತಿರುಗಿ ತಡವಾಗಿ ಮನೆ ಸೇರುತ್ತಿದ್ದವನು. ಈಗ ಅತ್ತಿಗೆ ಊಟಕ್ಕೆ ಕರೆದಾಗ ಕಾಲು ಹಾಕಿಕೊಳ್ಳದೆ ಒಂಟಿಗಾಲಲ್ಲೇ ಕುಪ್ಪಳಿಸಿಕೊಂಡು ಮೇಜಿನವರೆಗೆ ಬರುತ್ತಿದ್ದ. ಹಾಗೆ ಕುಪ್ಪಳಿಸುವುದನ್ನು ಕಂಡ ದಿನದಿಂದ ಆ ಮನೆಯಲ್ಲಿ ಒಂದು ಹೆಸರು ಸತ್ತುಹೋಯಿತು. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದೆ, ನಡೆಯದೆ, ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತಲೇ ಇರುತ್ತಿದ್ದವನನ್ನು ಅಮ್ಮ ಗುಬ್ಬಿ ಎಂದು ಕರೆದಿದ್ದಳು. ದೊಡ್ಡವನಾಗಿ ಮೀಸೆ ಬಂದರೂ ಅದೇ ಹೆಸರು ಉಳಿದಿತ್ತು. ಈಗ ಯಾರೂ ಕರೆಯುವುದಿಲ್ಲ. ಹೆಸರಷ್ಟೇ ಅಲ್ಲ, ಮಾತೇ ಅಪಾಯವಾಗಿಬಿಟ್ಟಿತ್ತು. ನೋಡಲು ಬಂದ ಸೋದರಮಾವ "ನಿನ್ನ ಕಾಲ ಮೇಲೆ ನೀನು ನಿಲ್ಲಬೇಕಪ್ಪಾ" ಅಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಕಾಲು ಕೆರೆದು ಜಗಳ, ಕಾಲು ಎಳೆಯುವುದು, ಕಾಲಿಟ್ಟ ಗಳಿಗೆ, ಯಾವ ಮಾತು ಎಲ್ಲಿ ಚುಚ್ಚುತ್ತದೋ ಎಂದು ಅಣ್ಣನ ಹೆಂಡತಿ ಅಳೆದು ತೂಗಿ ಮಾತಾಡತೊಡಗಿದ್ದಳು.

ಗುಡ್ಡದ ಮಾತು ತೆಗೆದವನು ಅಣ್ಣನೇ. ಊರಾಚೆ, ಸಿಟಿ ಬಸ್ಸಿನ ಕೊನೆಯ ಸ್ಟಾಪಿನಿಂದ ಒಂದು ಕಾಲುದಾರಿ ಗುಡ್ಡ ಹತ್ತುತ್ತದೆ, ರಜೆಯ ದಿನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿಬರುತ್ತಾರೆ, ಏನೂ ಕಷ್ಟವಿಲ್ಲ. ತಿಂಗಳುಗಟ್ಟಲೆ ಗೋಗರೆದ ಮೇಲೆ ತಮ್ಮ ಕಿಟಕಿಯಿಂದ ತಿರುಗದೆಯೇ ಅಂದಿದ್ದ: "ಒಂದೇ ಸಲ ಬರ್ತೀನಿ. ಆಗಲಿಲ್ಲ ಅಂದ್ರೆ ನೀನು ಇನ್ಯಾವತ್ತೂ ನನ್ನ ಹೊರಗೆ ಬಾ ಅನ್ನಬಾರದು. ಅತ್ತಿಗೆ ಕೈಲೂ ಅನ್ನಿಸಬಾರದು." ಅಣ್ಣ ಖುಷಿಯ ಭರದಲ್ಲಿ ಒಪ್ಪಿಬಿಟ್ಟ. ಒಪ್ಪಿ, ಅದೇ ಸಂಜೆ ಪೇಟೆಗೆ ಹೋಗಿ ತಮ್ಮನಿಗೆಂದು ಹೊಸ ಕ್ಯಾನ್ವಾಸ್ ಬೂಟು ತಂದ. ಹಗುರವಾದದ್ದು, ನೀಲಿಯದು, ಕಲ್ಲಿನ ಮೇಲೆ ಜಾರದ ಅಟ್ಟೆ.

ಬೆಳಿಗ್ಗೆ ತಮ್ಮ ಬಚ್ಚಲು ಹೊಕ್ಕವನು ಎಷ್ಟು ಹೊತ್ತಾದರೂ ಹೊರಗೆ ಬಂದಿರಲಿಲ್ಲ. ಕಾಲಿನ ಪಟ್ಟಿ ಬಿಗಿಯುವುದರಲ್ಲಿ ಏನೋ ತೊಂದರೆಯಾಗಿದೆ ಎಂದು ಅಣ್ಣ ಬಾಗಿಲ ಹೊರಗೆ ಶತಪಥ ಹಾಕಿದ್ದ, ಬಸ್ಸು ತಪ್ಪುತ್ತದೆ ಎಂದು ಗೊಣಗಿದ್ದ. ಬಂದಾಗ ಹೆಂಡತಿ ಬುತ್ತಿಯ ಚೀಲ ಕೈಗಿಡುತ್ತಾ "ಇವತ್ತು ಎಷ್ಟು ಲಕ್ಷಣವಾಗಿ ಕಾಣ್ತಿದಾನೆ ನೋಡ್ರಿ" ಅಂದಳು. ಅವನು ನೋಡಿದ. ಬೂಟು ನಿಜಕ್ಕೂ ಲಕ್ಷಣವಾಗಿತ್ತು.

ಬಸ್ಸು ಬಂತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಮಾಡಿದ ಕಾಲು ಮೊದಲು; ತಮ್ಮ ಪಾಠ ಒಪ್ಪಿಸಿದವನಂತೆ ಎಡಗಾಲನ್ನು ಮೆಟ್ಟಿಲಿಗಿಟ್ಟು, ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡ. ಅಣ್ಣ ಹಿಂದೆ ಎರಡೂ ಕೈ ಚಾಚಿ, ಅಟ್ಟದಿಂದ ಜಾರುತ್ತಿರುವ ಕೊಡವನ್ನು ಹಿಡಿಯಲು ನಿಂತವನ ಹಾಗೆ ನಿಂತಿದ್ದ. "ಏನ್ ಸ್ವಾಮಿ ನೀವು ಆರತಿ ಎತ್ತುತಿದೀರಾ, ಹತ್ತಿ ಬೇಗ" ಎಂದು ಕಂಡಕ್ಟರ್ ಗದರಿಸಿದ. ಬಸ್ಸು ತುಂಬಿತ್ತು. ಬ್ಯಾಗಿನ ಹುಡುಗಿಗೆ ಒಂದು ಸೀಟು ಸಿಕ್ಕಿತ್ತು. ಅವಳು ಇಬ್ಬರನ್ನೂ ನೋಡಿ, ತಟ್ಟನೆ ಎದ್ದು, "ಕೂತ್ಕೊಳ್ಳಿ ಅಂಕಲ್" ಎಂದು ಅಣ್ಣನಿಗೆ ಜಾಗ ಬಿಟ್ಟುಕೊಟ್ಟಳು. ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಪಕ್ಕದಲ್ಲಿ ತಮ್ಮ ಕಿಸಕ್ಕನೆ ನಕ್ಕ. "ಕೂತ್ಕೊ ಅಂಕಲ್, ಹುಡುಗಿ ಅಷ್ಟು ಪ್ರೀತಿಯಿಂದ ಹೇಳ್ತಿದಾಳೆ." ಅಣ್ಣ ಕೂತ, ಕಿವಿ ಬಿಸಿಯಾಯಿತು. ತನ್ನ ಬೆನ್ನು ಅಷ್ಟು ಬಾಗಿದೆಯೇ, ಕುಕ್ಕರಗಾಲಲ್ಲಿ ಕೂತು ಕೂತು ಮುದುಕನಾಗಿಬಿಟ್ಟೆನೇ ಎಂದು ಅವಮಾನವಾದರೂ, ಅದರ ಬೆನ್ನಿಗೇ ಹೆಮ್ಮೆಯೊಂದು ಉಕ್ಕಿ ಬಂತು: ಹುಡುಗಿಗೆ ಗೊತ್ತೇ ಆಗಿಲ್ಲ. ಇಬ್ಬರಲ್ಲಿ ಯಾರು ಕುಂಟ ಎಂದು ಈ ಬಸ್ಸಿನಲ್ಲಿ ಯಾರಿಗೂ ಗೊತ್ತಾಗಿಲ್ಲ. ಅವನಿಗೆ ಎದ್ದು ನಿಂತು ಎಲ್ಲರಿಗೂ ಹೇಳಿಬಿಡಬೇಕು ಅನ್ನಿಸಿತು.

ಮುಂದೆ ಎರಡು ಸ್ಟಾಪು ಕಳೆದು ಜನ ಇಳಿದ ಮೇಲೆ ತಮ್ಮನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅಣ್ಣ ಅವನ ಪಕ್ಕಕ್ಕೆ ಬಂದು ಕೂತ. ಅಂಗಡಿಗಳ ಶಟರುಗಳು, ಮುಚ್ಚಿದ ಕಾರ್ಖಾನೆಯ ಉದ್ದನೆಯ ಗೋಡೆ, ಗೋಡೆ ಮುಗಿದ ಮೇಲೆ ಖಾಲಿ ಸೈಟುಗಳು, ಅವುಗಳಲ್ಲಿ ಬೆಳೆದ ಕಳೆ ಹೂವು. ತಮ್ಮ ಹಣೆಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದ. ಬಿಸಿಲು ಸೀಟಿನ ಕೆಳಗಿನಿಂದ ಓರೆಯಾಗಿ ನುಗ್ಗಿ ಬಸ್ಸಿನ ನೆಲದ ಮೇಲೆ ಬಿದ್ದಿತ್ತು, ಅಣ್ಣನ ಕಣ್ಣು ಎಂದಿನಂತೆ ಅಲ್ಲಿಗೇ ಇಳಿಯಿತು. ತಮ್ಮನ ಎಡಬೂಟು ನೆಲಕ್ಕೆ ಪೂರ್ತಿ ಊರಿತ್ತು. ಬಲಬೂಟಿನ ಮುಂದಿನ ಅರ್ಧ ಊರಿತ್ತು. ಹಿಂದಿನ ಅರ್ಧದ ಕೆಳಗೆ, ಹಿಮ್ಮಡಿಗೂ ನೆಲಕ್ಕೂ ನಡುವೆ, ಬೆರಳಷ್ಟು ಬೆಳಕು ಹಾದುಹೋಗಿತ್ತು.

ಆ ಬೆಳಕಿನ ಗೆರೆಯ ಅರ್ಥ ಅವನಿಗಲ್ಲದೆ ಆ ಬಸ್ಸಿನಲ್ಲಿ ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕಾಲು ಮಾಡಿದ್ದು ತಮ್ಮನ ಹಳೆಯ ಚರ್ಮದ ಬೂಟಿಗೆ, ಕಚೇರಿಗೆ ಹಾಕುತ್ತಿದ್ದ, ಹಿಮ್ಮಡಿ ಎತ್ತರವಿದ್ದ ಬೂಟಿಗೆ. ಆ ಎತ್ತರಕ್ಕೆ ಸರಿಯಾಗಿ ಪಾದವನ್ನು ಕೂರಿಸಿ ಬಿಗಿದಿದ್ದ. ಮೂಳೆ ಮಾಂಸದ ಪಾದ ಯಾವ ಬೂಟಿಗೂ ತಾನೇ ಹೊಂದಿಕೊಳ್ಳುತ್ತದೆ. ರಬ್ಬರಿನ ಪಾದಕ್ಕೆ ಒಂದೇ ಎತ್ತರ ಗೊತ್ತು. ಸಪಾಟು ಬೂಟು ಹಾಕಿದರೆ ಪ್ರತಿ ಹೆಜ್ಜೆಗೂ ಕಾಲು ಹಿಂದಕ್ಕೆ ವಾಲಿ ಮೊಣಕಾಲನ್ನು ಹಿಂದಕ್ಕೆ ಒತ್ತುತ್ತದೆ, ನೆಲದ ಮೇಲೆ ನಡೆದರೂ ದಿಬ್ಬ ಹತ್ತಿದಂತಾಗುತ್ತದೆ. ದಿಬ್ಬವನ್ನೇ ಹತ್ತಿದರೆ? ಬೂಟು ಬದಲಾಯಿಸುವ ಮೊದಲು ನನ್ನನ್ನು ಕೇಳಿ ಎಂದು ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿಟ್ಟವನು ಅವನೇ. ಮಗಳ ಮದುವೆಗೆಂದು ಹೊಸ ಚಪ್ಪಲಿ ಕೊಂಡು, ಎರಡು ದಿನ ಓಡಾಡಿ, ಗಾಯ ಮಾಡಿಕೊಂಡು ಬಂದಿದ್ದ ಹೆಂಗಸೊಬ್ಬಳನ್ನು ಎಲ್ಲರೆದುರು ಬಯ್ದಿದ್ದ: ಓದಿದವರು ನೀವೇ ಹೀಗೆ ಮಾಡಿದ್ರೆ ಹೇಗಮ್ಮಾ, ಇಷ್ಟೂ ಗೊತ್ತಾಗಲ್ವಾ? ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಆಕೆಯ ಮುಖ ಹೇಗಿತ್ತು ಎಂದು ಈಗ ನೆನಪು ಮಾಡಿಕೊಳ್ಳಲು ಹೋದರೆ ನೆನಪಾಗಿದ್ದು ಚಪ್ಪಲಿಯ ಹೊಳೆಯುವ ಪಟ್ಟಿ ಮಾತ್ರ. ಇಷ್ಟೂ ಗೊತ್ತಾಗಲ್ವಾ. ಅಂಗಡಿಯಲ್ಲಿ ಆ ನೀಲಿ ಬೂಟನ್ನು ಬಗ್ಗಿಸಿ, ಅಟ್ಟೆ ಒತ್ತಿ, ತೂಕ ನೋಡಿ ತಂದವನಿಗೆ ಅದು ತಾನು ಮಾಡಿದ ಕಾಲಿಗೆ ಎಂಬುದೇ ಮರೆತುಹೋಗಿತ್ತು. ತಮ್ಮ ಗುಡ್ಡ ಹತ್ತುವುದನ್ನು ಅವನು ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿದ್ದ; ಆ ಚಿತ್ರದಲ್ಲಿ ತಮ್ಮನಿಗೆ ಎರಡೂ ಕಾಲಿದ್ದವು.

ಹೇಳಬೇಕು ಅಂದುಕೊಂಡ. ಈ ಸ್ಟಾಪಿನಲ್ಲೇ ಇಳಿದು ಎದುರು ಬಸ್ಸು ಹಿಡಿದು ಮನೆಗೆ ಹೋಗಿ ಬೂಟು ಬದಲಿಸಿ ಬರೋಣ. ಆದರೆ ಮನೆಗೆ ಹೋದ ತಮ್ಮ ಮತ್ತೆ ಹೊರಡುತ್ತಾನೆಯೇ? ಮಹಡಿ ಹತ್ತಿ, ಕಾಲು ಬಿಚ್ಚಿ, ಕಿಟಕಿ ಪಕ್ಕ ಕೂತು, ಮುಗೀತಲ್ಲ ಅನ್ನುತ್ತಾನೆ. ಒಂದೇ ಸಲ. ಹೇಳದಿದ್ದರೆ ಗುಡ್ಡದಲ್ಲಿ ಸೋಲುತ್ತಾನೆ, ಆಗಲೂ ಮುಗಿಯಿತು. ಎರಡೂ ಕಡೆಯಿಂದ ಅದೇ ಕಿಟಕಿ. ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿತ್ತು, ಅದು ಅವನಿಗೆ ಗೊತ್ತಿತ್ತು: ತಾನು ತಪ್ಪಿದೆ ಎಂದು ತಮ್ಮನ ಎದುರು ಬಾಯಿಬಿಟ್ಟು ಹೇಳುವುದೇ ಅವನಿಗೆ ಬೇಕಿರಲಿಲ್ಲ. ತಮ್ಮನ ಪಾಲಿಗೆ ಕಾಲು ಕಳೆದವರು ಬೇರೆ ಯಾರೋ, ಕಾಲು ಕೊಟ್ಟವನು ತಾನು. ಆ ಜಾಗ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆಪರೇಷನ್ನಿನ ದಿನ ಡಾಕ್ಟರು ಹೊರಗೆ ಬಂದು ಮಾಸ್ಕು ಎಳೆದುಕೊಳ್ಳುತ್ತಾ, ಮೊಣಕಾಲಿನ ಕೆಳಗೆ ತೆಗೆದಿದ್ದೇವೆ ಅಂದಾಗ ಹೆಂಡತಿ ಗೋಡೆಗೆ ತಲೆಯಿಟ್ಟು ಅತ್ತಳು. ಅವನಿಗೆ ಮೊದಲು ಬಂದ ಯೋಚನೆ, ಸದ್ಯ, ಮೊಣಕಾಲು ಉಳಿದಿದೆ, ಕೆಲಸ ಸಲೀಸು. ಸಲೀಸು! ಆ ಪದ ಆವತ್ತಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅವನನ್ನು ಕಾಡುತ್ತಿತ್ತು.

"ಏನು, ಒಂಥರಾ ಇದೀಯ?" ತಮ್ಮ ಕೇಳಿದ.

"ಏನಿಲ್ಲ. ಬಸ್ಸು ಕುಲುಕಾಟ."

"ಅಂಕಲ್‌ಗೆ ವಾಂತಿ ಬರ್ತಿದೆಯಾ?"

ಅಣ್ಣ ನಕ್ಕಂತೆ ಮಾಡಿದ. ಹೊರಗೆ ಮನೆಗಳು ಮುಗಿದು ಒಣಹುಲ್ಲಿನ ಬಯಲು ಶುರುವಾಗಿತ್ತು, ಅದರಾಚೆ ಗುಡ್ಡ ಕಾಣಿಸಿತು. ದೂರದಿಂದ ಅದೇನೂ ಎತ್ತರವಿರಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಧೂಳೆಬ್ಬಿಸಿ ತಿರುಗಿ ನಿಂತಿತು. ಡ್ರೈವರು ಚಪ್ಪಲಿ ಕಳಚಿ ಸ್ಟೇರಿಂಗಿನ ಮೇಲೆ ಕಾಲು ಚಾಚಿದ. ಇಳಿದವರು ಚದುರಿ ದಾರಿ ಹಿಡಿದರು. ತಮ್ಮ ಒಮ್ಮೆ ತಲೆಯೆತ್ತಿ ಗುಡ್ಡದ ತುದಿಯನ್ನು ನೋಡಿ ನಡೆಯತೊಡಗಿದ. ಅಣ್ಣ ಅವನ ಹಿಂದೆ. ಶೆಡ್ಡಿನಲ್ಲೂ ಅವನ ಜಾಗ ಅದೇ, ಹಿಂದೆ, ಕೊಂಚ ತಗ್ಗಿನಲ್ಲಿ. ಮಣ್ಣಿನ ದಾರಿ, ನಡುನಡುವೆ ಬೇರು, ಮಳೆನೀರು ಕೊರೆದ ಕಾಲುವೆ, ಎರಡೂ ಬದಿ ಗಿಡಗಂಟಿ. ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು, ಬಿಸಿಲಿಗೆ ಎಲೆಗಳ ವಾಸನೆ ಎದ್ದಿತ್ತು. ಅವನಿಗೆ ಅದ್ಯಾವುದೂ ತಟ್ಟಲಿಲ್ಲ. ತಮ್ಮನ ಬಲ ಮೊಣಕಾಲು ಪ್ರತಿ ಹೆಜ್ಜೆಗೂ ಹಿಂದಕ್ಕೆ ಜಗ್ಗುತ್ತಿತ್ತು. ಎಲ್ಲಿ ಒತ್ತುತ್ತಿದೆ, ಬಟ್ಟಲಿನ ಯಾವ ಅಂಚು ಮೊಂಡುಗಾಲಿನ ಹಿಂಬದಿಯನ್ನು ಉಜ್ಜುತ್ತಿದೆ, ಚರ್ಮ ಮೊದಲು ಕೆಂಪಾಗಿ ಆಮೇಲೆ ಬಿಳುಚಿಕೊಂಡು ಗುಳ್ಳೆ ಏಳುವುದಕ್ಕೆ ಎಷ್ಟು ಹೊತ್ತು, ಅವನ ಬೆರಳುಗಳಿಗೇ ಗೊತ್ತಿತ್ತು. ಆ ಕಾಲು ಅವನಿಗೆ ಎಲ್ಲವನ್ನೂ ಹೇಳುತ್ತಿತ್ತು. ಕೇಳಿಸಿಕೊಂಡು ಅವನು ಹಿಂದೆ ಹಿಂದೆ ನಡೆಯುತ್ತಿದ್ದ.

"ಹೇಗಿದೆ?"

"ಚೆನ್ನಾಗಿದೆ."

ಮತ್ತೊಂದು ತಿರುವು ಕಳೆದು ಮತ್ತೆ ಕೇಳಿದ. ಮತ್ತೆ ಅದೇ, ಚೆನ್ನಾಗಿದೆ. ಶೆಡ್ಡಿನ ಚೆನ್ನಾಗಿದೆ. ಅದನ್ನು ಕೇಳಿದಾಗ ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಎಲ್ಲರೂ ನನಗೆ ಸುಳ್ಳು ಹೇಳುತ್ತಾರೆ, ನನ್ನ ಮನಸ್ಸು ನೋಯಬಾರದೆಂದು ತಂತಮ್ಮ ಚರ್ಮ ಸುಲಿದುಕೊಳ್ಳುತ್ತಾರೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಮಕ್ಕಳ ಗುಂಪೊಂದು ಅವರ ಪಕ್ಕದಿಂದ ಕಿರುಚುತ್ತಾ ಮುಂದೆ ಓಡಿತು. ಆಮೇಲೆ ಕೈಯಲ್ಲಿ ಕೋಲು, ತಲೆಗೆ ಟೊಪ್ಪಿ ಹಾಕಿದ್ದ ಒಬ್ಬಾತ ಇಳಿದುಬರುತ್ತಾ ತಮ್ಮನ ನಡಿಗೆ ನೋಡಿ ನಿಂತ. ಪ್ಯಾಂಟಿನ ತುದಿ ಸರಿದು ಕಾಲಿನ ಹೊಳೆಯುವ ಕಂಬಿ ಕಂಡಿತ್ತೇನೋ. "ಭೇಷ್! ನಿಮ್ಮನ್ನ ನೋಡಿ ನಾವೆಲ್ಲ ಕಲೀಬೇಕು" ಎಂದು ತಮ್ಮನ ಭುಜ ತಟ್ಟಿದ.

"ಏನನ್ನ?" ತಮ್ಮ ನಿಜವಾಗಿಯೂ ತಿಳಿಯದವನಂತೆ ಕೇಳಿದ.

ಟೊಪ್ಪಿಯವನು ಮತ್ತೊಮ್ಮೆ ಭೇಷ್ ಎಂದು ಇಳಿದುಹೋದ. ತಮ್ಮ ನಾಲ್ಕು ಹೆಜ್ಜೆ ಹಾಕಿದ, ದಾರಿಯ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಕೂತುಬಿಟ್ಟ. ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು, ಎರಡೂ ಕೈ ಬಲದೊಡೆಯನ್ನು ಬಿಗಿಯಾಗಿ ಹಿಡಿದಿದ್ದವು. ಅಣ್ಣ ಚೀಲ ಕೆಳಗಿಟ್ಟು ಎದುರು ನಿಂತ. ಈಗ ಹೇಳು, ಈಗಲಾದರೂ ಹೇಳು. ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯೇ.

"ಮುಂದೆ ದಾರಿ ಸರಿಯಿಲ್ಲ ಅಂತ ಕಾಣುತ್ತೆ. ಜಾರುತ್ತಂತೆ. ಆಗಲೇ ಇಳಿದು ಬಂದೋರು ಯಾರೋ ಮಾತಾಡ್ಕೋತಿದ್ರು. ವಾಪಸ್ ಹೋಗೋಣ್ವಾ?"

ಯಾರೂ ಏನೂ ಮಾತಾಡಿಕೊಂಡಿರಲಿಲ್ಲ. ಮೇಲಿನ ತಿರುವಿನಿಂದ ಮಕ್ಕಳ ನಗು ಕೇಳಿಸುತ್ತಿತ್ತು.

"ಸರಿ," ಅಂದ ತಮ್ಮ ತಣ್ಣಗೆ. "ಹೋಗೋಣ. ಆಮೇಲೆ ನಾವು ಮಾತಾಡ್ಕೊಂಡಿದ್ದು ನೆನಪಿದೆ ಅಲ್ವಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಬಿಡುಗಡೆ ಇತ್ತು. ಅಷ್ಟೇ ಸಾಕಾಯಿತು, ಅಣ್ಣನ ಒಳಗೆ ಬೆಳಗಿನಿಂದ ಬಿಗಿದಿದ್ದದ್ದು ಕಳಚಿಬಿತ್ತು.

"ದಾರಿ ಚೆನ್ನಾಗೇ ಇದೆ," ಅಂದ. "ನಾನು ಸುಳ್ಳು ಹೇಳಿದೆ. ಬೂಟು ತಪ್ಪು. ನಾನೇ ತಂದಿದ್ದು. ಆ ಕಾಲಿಗೆ ಹಿಮ್ಮಡಿ ಎತ್ತರ ಇರೋ ಬೂಟು ಬೇಕು, ಇದು ಸಪಾಟು. ನನಗೆ ಬಸ್ಸಲ್ಲೇ ಗೊತ್ತಾಯ್ತು. ಗೊತ್ತಾಗಿಯೂ ನಿನ್ನ ಇಲ್ಲೀವರೆಗೆ ಹತ್ತಿಸಿದೆ."

"ನನಗೂ ಗೊತ್ತು."

"ಯಾವಾಗಿಂದ?"

"ಮನೆ ಮೆಟ್ಟಿಲು ಇಳೀವಾಗಿಂದ. ನಿನ್ನ ಶೆಡ್ಡಿನ ಗೋಡೆ ಮೇಲೆ ಬರೆದಿದೀಯಲ್ಲ, ಕೆಂಪಗೆ. ನಾನು ಅದರ ಎದುರಿಗೇ ಅಲ್ವಾ ಕೂತಿರ್ತಿದ್ದಿದ್ದು?"

"ಮತ್ಯಾಕೆ ಹೇಳಲಿಲ್ಲ? ಅಲ್ಲೇ ಹೇಳಿದ್ರೆ..."

"ಹೇಳಿದ್ರೆ ಏನು ಮಾಡ್ತಿದ್ದೆ? ನೋವು ಅಂತ ಬಾಯಿಬಿಟ್ರೆ ಸಾಕು, ಕಾಲು ಬಿಚ್ಚಿಸ್ತೀಯ. ತೀಡ್ತೀಯ, ಸವರ್ತೀಯ, ಮತ್ತೆ ಹಾಕಿಸ್ತೀಯ. ಒಂದು ದಿನ ಅದು ಬೇಡ ಅನ್ನಿಸಿತು." ತಮ್ಮ ಉಸಿರು ಎಳೆದುಕೊಂಡ. "ಅಣ್ಣಾ, ಒಂದು ಕೆಲಸ ಮಾಡು. ಕಣ್ಣು ಮುಚ್ಚು."

"ಏನಕ್ಕೆ?"

"ಮುಚ್ಚು ಅಂದ್ನಲ್ಲ."

ಅವನು ಮುಚ್ಚಿದ. ರೆಪ್ಪೆಯ ಹಿಂದೆ ಬಿಸಿಲು ಕೆಂಪಗಿತ್ತು.

"ಈಗ ಹೇಳು. ನನಗೆ ಮೀಸೆ ಇದೆಯಾ, ಇಲ್ವಾ?"

ತಮಾಷೆ ಅಂದುಕೊಂಡು ಅವನು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಮೀಸೆ ಇತ್ತು, ಇತ್ತಲ್ಲವೇ? ಆಸ್ಪತ್ರೆಯಲ್ಲಿ ಗಡ್ಡವೂ ಇತ್ತು. ಮನೆಗೆ ಬಂದ ಮೇಲೆ? ಅವನು ತಮ್ಮನ ಮುಖವನ್ನು ಹುಡುಕಿದ. ಮೊಂಡುಗಾಲಿನ ಹೊಲಿಗೆಯ ಗುರುತು ಎಲ್ಲಿ ಶುರುವಾಗಿ ಎಲ್ಲಿ ಬಾಗುತ್ತದೆ, ಅದರ ಒಳಬದಿಯಲ್ಲಿ ಎಳ್ಳುಕಾಳಿನಷ್ಟು ಮಚ್ಚೆ, ಅಳತೆ ಪಟ್ಟಿ ಸುತ್ತಿದರೆ ಬೆಳಿಗ್ಗೆ ಎಷ್ಟು ಸಂಜೆ ಎಷ್ಟು, ಎಲ್ಲವೂ ಕೈಗೆ ಸಿಕ್ಕಿತು. ಅಲ್ಲಿಂದ ಮೇಲೆ ಹತ್ತಿದರೆ ಅಂಗಿಯ ಗುಂಡಿಗಳು, ಆಮೇಲೆ ಹಳೆಯ ಮನೆಯ ಮೆಟ್ಟಿಲ ಮೇಲೆ ಹಾರುತ್ತಿದ್ದ ಹಲ್ಲುಬಿದ್ದ ಮುಖ, ಕೆಲಸ ಸಿಕ್ಕ ದಿನ ತೆಗೆಸಿದ ಫೋಟೋದ ಮುಖ. ಇವತ್ತಿನದು ಇರಲಿಲ್ಲ. ಒಂದೇ ಸೂರಿನಡಿ, ಒಂದೇ ಮೇಜಿನ ಎರಡು ಬದಿಗೆ ಕೂತು ಇಷ್ಟು ದಿನ ಉಂಡಿದ್ದಾನೆ. ಇವತ್ತಿನದು ಇರಲಿಲ್ಲ.

"ಇದೆ," ಅಂದ, ಕಾಟಾಚಾರಕ್ಕೆ ಅಂದಂತೆ.

ತಮ್ಮ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಕಾಲು ಹೋದಾಗ ನಾನು ಇಷ್ಟು ಅತ್ತಿರಲಿಲ್ಲ," ಅಂದ. "ಮನೇಲಿ ಇರೋ ಒಬ್ಬ ಅಣ್ಣ ನಾನು ರೂಮಿಗೆ ಬಂದ್ರೆ ನೆಲ ನೋಡ್ತಾನೆ. ಗಡ್ಡ ಬಿಟ್ಟೆ, ತೆಗೆದೆ. ತಲೆ ಪೂರ್ತಿ ಬೋಳಿಸಿದ್ರೂ ನಿನಗೆ ಗೊತ್ತಾಗ್ತಿತ್ತೋ ಇಲ್ವೋ. ಅತ್ತಿಗೆ ಪಾಪ, ನಿನ್ನ ಪರವಾಗಿ ಎರಡೆರಡು ಸಲ ನೋಡ್ತಾರೆ."

ಅಣ್ಣ ಕಣ್ಣು ತೆರೆದ, ಆದರೆ ಮುಖವೆತ್ತಿ ನೋಡುವ ಧೈರ್ಯ ಬರಲಿಲ್ಲ. ಸಿಕ್ಕಿಬಿದ್ದವನು ಏನಾದರೂ ಕೈಕೆಲಸ ಹುಡುಕುವಂತೆ ಕುಕ್ಕರಗಾಲಲ್ಲಿ ಕೂತು, ತನ್ನ ಬೂಟಿನ ಲೇಸು ಎಳೆದ. ಹಳೆಯ ಬೂಟು, ದಪ್ಪನೆಯ ಒಳ ಅಟ್ಟೆ. ಅದನ್ನು ಕಿತ್ತು, ಬುತ್ತಿಯ ಚೀಲದಲ್ಲಿ ಹೆಂಡತಿ ಸೇಬು ಹೆಚ್ಚಲು ಇಟ್ಟಿದ್ದ ಚಾಕುವಿನಿಂದ ಹಿಮ್ಮಡಿಯ ಭಾಗವನ್ನು ಕೊಯ್ದ, ಇನ್ನೊಂದು ಬೂಟಿನದನ್ನೂ ಕೊಯ್ದ, ಎರಡನ್ನೂ ಒಂದರ ಮೇಲೊಂದು ಇಟ್ಟು ಮುಂಬದಿಯನ್ನು ತೆಳ್ಳಗೆ ಕೆತ್ತಿದ. ಕೆಲಸ ಓರಣವಾಗಿತ್ತು. ತಮ್ಮನ ನೀಲಿ ಬೂಟು ಬಿಚ್ಚಿ, ತುಂಡುಗಳನ್ನು ಹಿಮ್ಮಡಿಯ ಕೆಳಗೆ ಕೂರಿಸಿ, ಪಾದವನ್ನು ಒಳಕ್ಕೆ ತಳ್ಳಿ, ಲೇಸು ಕಟ್ಟಿದ. ಕಟ್ಟುವಾಗ ತಮ್ಮನ ಅಂಗೈ ಆಯ ತಪ್ಪದಿರಲೆಂದು ಅವನ ನೆತ್ತಿಯ ಮೇಲೆ ಊರಿತ್ತು. ಬೆವತ ಕೈ, ಭಾರವಾಗಿತ್ತು. ಅವನು ಅಲುಗಾಡಲಿಲ್ಲ.

"ಬಿಚ್ಚಿ ನೋಡಬೇಕು," ಅಂದ. "ಗುಳ್ಳೆ ಎದ್ದಿದ್ರೆ ಇಲ್ಲಿಗೇ ನಿಲ್ಲಿಸೋಣ. ಅದನ್ನ ಸೋಲು ಅಂತ ಲೆಕ್ಕ ಹಾಕಬೇಡ, ಅದು ನನ್ನ ಲೆಕ್ಕಕ್ಕೆ."

"ಸಂಜೆ ನೋಡುವೆಯಂತೆ. ಇಷ್ಟು ಹೊತ್ತು ತಡೆದಿದೀನಿ." ತಮ್ಮ ಎದ್ದು ನಿಂತು, ಒಮ್ಮೆ ಭಾರ ಹಾಕಿ ನೋಡಿದ. ಅಣ್ಣನ ಕಣ್ಣಿಗೆ ಕಂಡಿತು: ಮೊಣಕಾಲು ಕಂಬದ ಹಾಗೆ ನೆಟ್ಟಗೆ ನಿಂತಿತು. ಎಂದಿನ ಅಭ್ಯಾಸದಂತೆ ಅವನು ಹಿಂದೆ ಸರಿದು ದಾರಿ ಬಿಟ್ಟ. "ಇಲ್ಲ," ಅಂದ ತಮ್ಮ. "ನೀನು ಮುಂದೆ ನಡಿ. ನನ್ನ ಕಾಲು ನೀನು ನೋಡಿದ್ದು ಸಾಕು."

ಅವನು ಮುಂದೆ ನಡೆದ. ಒಳ ಅಟ್ಟೆಯಿಲ್ಲದ ಬೂಟಿನೊಳಗೆ ಮೊಳೆಯ ತಲೆಯೊಂದು ಅಂಗಾಲಿಗೆ ಒತ್ತುತ್ತಿತ್ತು. ಬೆನ್ನ ಹಿಂದೆ ಹೆಜ್ಜೆಯ ಸದ್ದು, ಒಂದು ಗಟ್ಟಿ, ಒಂದು ಮೆತ್ತಗೆ. ನೋಡುವ ಹಾಗಿಲ್ಲ, ಕೇಳುವುದಷ್ಟೇ. ಸದ್ದು ತಡವಾದರೆ ಅವನ ಹೆಜ್ಜೆಯೂ ನಿಲ್ಲುತ್ತಿತ್ತು, ಮತ್ತೆ ಕೇಳಿಸಿದಾಗ ಮುಂದೆ ಸಾಗುತ್ತಿತ್ತು. ಹಕ್ಕಿ ಇನ್ನೂ ಕೂಗುತ್ತಲೇ ಇತ್ತು. ಅದು ದಾರಿಯ ಬಲಕ್ಕೆ, ಮುಳ್ಳುಗಿಡದಲ್ಲೆಲ್ಲೋ ಇದೆ ಎಂದು ಅವನಿಗೆ ಆಗ ತಿಳಿಯಿತು. ತನ್ನ ಬೆನ್ನು ತಮ್ಮನಿಗೆ ಹೇಗೆ ಕಾಣುತ್ತಿರಬಹುದು? ಬಾಗಿದ ಅಂಕಲ್ಲಿನ ಬೆನ್ನು. ಅಮ್ಮ ಇದ್ದಿದ್ದರೆ ಇಬ್ಬರನ್ನೂ ನೋಡಿ ಏನನ್ನುತ್ತಿದ್ದಳು? ಅವಳು ಸಾಯುವ ಮೊದಲು ಇವನ ಕೈಹಿಡಿದು ಹೇಳಿದ್ದು, ಅವನನ್ನ ನೋಡ್ಕೋ ಎಂದು. ನೋಡಿಕೊಂಡೆ ಅಂದುಕೊಂಡಿದ್ದ. ಕಾಲುದಾರಿ ಕಡಿದಾಯಿತು, ಅಲ್ಲಿ ಒಂದು ಕಲ್ಲು ಅವನ ಬೂಟಿನ ಕೆಳಗೆ ಅಲುಗಾಡಿತು.

"ಗುಬ್ಬಿ, ಹುಷಾರು, ಇಲ್ಲಿ ಕಲ್ಲು ಸಡಿಲ ಇದೆ."

ಹಿಂದಿನ ಹೆಜ್ಜೆ ನಿಂತಿತು. ಅಂದದ್ದೇನೆಂದು ಅವನಿಗೆ ಆಗ ಕೇಳಿಸಿತು. ಹೆಜ್ಜೆ ಮತ್ತೆ ಏಳಲಿಲ್ಲ. ಕೆಳಗೆ, ತುಂಬ ಕೆಳಗೆ, ಬಸ್ಸು ಹಾರ್ನು ಹೊಡೆದು ಊರಿನ ಕಡೆಗೆ ಹೊರಟ ಸದ್ದು. ನಿಂತಲ್ಲೇ ಅವನಿಗೆ ಭಯವಾಯಿತು; ಬೇರೆ ದಾರಿಯಿಲ್ಲದೆ ಅವನು ತಿರುಗಿದ, ತಿರುಗಿ ನೋಡಿದ.

ಮೀಸೆ ಇರಲಿಲ್ಲ. ಮೇಲ್ತುಟಿಯ ಮೇಲೆ, ಮೀಸೆ ಇದ್ದ ಜಾಗದ ಚರ್ಮ ಉಳಿದ ಮುಖಕ್ಕಿಂತ ತಿಳಿಯಾಗಿತ್ತು, ಎಡತುದಿಯಲ್ಲಿ ಬ್ಲೇಡು ತಾಗಿ ಸಣ್ಣ ಗೀರು, ರಕ್ತ ಒಣಗಿ ಕಪ್ಪಾಗಿತ್ತು. ಬಚ್ಚಲಲ್ಲಿ ಅಷ್ಟು ಹೊತ್ತು ನಡೆದದ್ದು ಪಟ್ಟಿ ಬಿಗಿಯುವ ಕೆಲಸವಲ್ಲ. ಈ ಒಂದು ದಿನಕ್ಕಾಗಿ ಅವನು ಕನ್ನಡಿಯ ಮುಂದೆ ಒಂಟಿಗಾಲಲ್ಲಿ ನಿಂತು ಸಿಂಗರಿಸಿಕೊಂಡಿದ್ದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕಿವಿಯ ಮೇಲೆ ಅಲ್ಲೊಂದು ಇಲ್ಲೊಂದು ನರೆಗೂದಲು, ತಮ್ಮನಿಗೆ ನರೆ! ಹಣೆ ಥೇಟು ಅಮ್ಮನದೇ. ಬೆವರು ಇಳಿಯುತ್ತಿತ್ತು, ದವಡೆ ಬಿಗಿದಿತ್ತು. ಆ ಮುಖ ಯಾವ ಸುಳ್ಳನ್ನೂ ಹೇಳುತ್ತಿರಲಿಲ್ಲ. ಯಾರಾದರೂ ನೋಡಲಿ ಎಂದು ಬಹಳ ದಿನದಿಂದ ಕಾದು ಸುಸ್ತಾಗಿತ್ತು.

"ನೋವಿದೆಯಾ?" ಅಣ್ಣ ಕೇಳಿದ.

"ಇದೆ."

"ತುಂಬಾನಾ?"

"ತುಂಬಾನೇ ಇದೆ ಕಣೋ," ಅಂದ ತಮ್ಮ, ಅವನ ಕಣ್ಣು ತುಂಬಿ ಬಂತು. "ಮೊದಲ ದಿನದಿಂದ ಇದೆ."

ಅಣ್ಣನ ಕಣ್ಣು ಕೆಳಕ್ಕೆ ಎಳೆಯಿತು. ಬಟ್ಟಲಿನ ಯಾವ ಅಂಚು, ಎಷ್ಟು ತೀಡಬೇಕು. ಅವನು ನೋಟವನ್ನು ಮೇಲೆಯೇ ಹಿಡಿದು ನಿಲ್ಲಿಸಿದ. ಇಬ್ಬರೂ ಸಡಿಲ ಕಲ್ಲಿನ ಆಚೆ ಈಚೆ ನಿಂತಿದ್ದರು. ಅಣ್ಣ ಕೈ ಚಾಚಿದ, ತಮ್ಮ ಆ ಕೈಯನ್ನು ಹಿಡಿದು ಕಲ್ಲು ದಾಟಿ ಬಂದು ಪಕ್ಕದಲ್ಲಿ ನಿಂತ. ಆ ತಿರುವಿನಿಂದ ಗುಡ್ಡದ ತುದಿ ಇನ್ನೂ ಮೇಲಿತ್ತು. ಕೆಳಗೆ ಬಯಲು, ಕಾರ್ಖಾನೆಯ ಗೋಡೆ, ಅದರಾಚೆ ಮಬ್ಬಿನಲ್ಲಿ ಊರು. ಅವರ ಮನೆ ಎಲ್ಲಿದೆಯೆಂದು ತಮ್ಮ ಸ್ವಲ್ಪ ಹೊತ್ತು ಹುಡುಕಿದ. ಸಿಗಲಿಲ್ಲ.

"ಇಲ್ಲೇ ಕೂರೋಣ," ಅಂದ. "ತುದಿಗೆ ಇವತ್ತು ಬೇಡ."

ಅಣ್ಣ ಹೂಂ ಎಂದು ಚೀಲದಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೇಬು ತೆಗೆದು ಬಂಡೆಯ ಮೇಲಿಟ್ಟ. ಸೇಬು ಹೆಚ್ಚಲು ಚಾಕು ಹಿಡಿದಾಗ ಅದರ ಅಲಗಿಗೆ ಬೂಟಿನ ಚರ್ಮದ ಪುಡಿ ಅಂಟಿತ್ತು, ಪ್ಯಾಂಟಿಗೆ ಒರೆಸಿಕೊಂಡ. ತಮ್ಮ ಮೊಟ್ಟೆಯ ಸಿಪ್ಪೆಯನ್ನು ಬಿಡಿಸುತ್ತಾ, ಬಿಡಿಸುವುದರಲ್ಲೇ ಮಗ್ನನಾದವನಂತೆ, ಮೆಲ್ಲಗೆ ಅಂದ:

"ಮುಂದಿನ ಸಲ ಆ ಹಳೇ ಬೂಟೇ ಹಾಕ್ಕೊಂಡು ಬರ್ತೀನಿ."

ಅಣ್ಣ ಅವನ ಮುಖವನ್ನೇ ನೋಡುತ್ತಿದ್ದ.